ಏರ್ ಫಿಲ್ಟರ್ ಬದಲಿಸುವ ಮೊದಲು ಒಂದು ಲೆವೆಲ್ ಪೈಪ್ ತಗೊಳ್ಳಿ

ಕಾರಿನ ಪಿಕಪ್ ಜಾಸ್ತಿ ಮಾಡಬೇಕು ಅಂದ್ರೆ ಮೊದಲು ಸಿಗುವ ಸಲಹೆ ಕೋನ್ ಆಕಾರದ ಏರ್ ಫಿಲ್ಟರ್. ದುಡ್ಡು ಕೊಡುವ ಮೊದಲು ಅಳೆದು ನೋಡೋಣ ಅನಿಸಿತು. ನನ್ನದು 1.3 ಲೀಟರಿನ ಪೆಟ್ರೋಲ್ ಎಂಜಿನ್, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲ. ಹೊರಗಿನ ಗಾಳಿಯ ಒತ್ತಡವೇ ಗತಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವುದರಿಂದ ಮಂಗಳೂರಿಗಿಂತ ಇಲ್ಲಿ ಅದು ಶೇ 10ರಷ್ಟು ಕಡಿಮೆಯೇ. ಇರುವುದರಲ್ಲೂ ದಾರಿಯಲ್ಲಿ ಎಷ್ಟು ಕಳೆದುಹೋಗುತ್ತದೆ?

ಅಳೆಯಲು ಗಾರೆ ಕೆಲಸದವರು ಮಟ್ಟ ನೋಡುವ ಲೆವೆಲ್ ಪೈಪ್ ಸಾಕು. ಅದನ್ನು ಯು ಆಕಾರದಲ್ಲಿ ಹಲಗೆಗೆ ಕಟ್ಟಿ, ಪಕ್ಕದಲ್ಲಿ ಸ್ಕೇಲ್ ಅಂಟಿಸಿ, ಕೇಸರಿಬಾತಿಗೆ ಹಾಕುವ ಬಣ್ಣ ಬೆರೆಸಿದ ನೀರನ್ನು ಅರ್ಧದವರೆಗೆ ತುಂಬಿದೆ. ಒಂದು ತುದಿ ಹಾಗೇ ಬಿಟ್ಟು, ಇನ್ನೊಂದನ್ನು ಗಾಳಿ ಹೋಗುವ ದಾರಿಯಲ್ಲಿ ಕೊರೆದ ಸಣ್ಣ ತೂತಿಗೆ ಸಿಕ್ಕಿಸಬೇಕು. ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸವೇ ಅಲ್ಲಿಯವರೆಗೆ ಕಳೆದುಹೋದ ಒತ್ತಡ. ಪೈಪಿನ ತುದಿ ಒಳಗೆ ಚಾಚಿಕೊಂಡಿರಬಾರದು, ಇಲ್ಲದಿದ್ದರೆ ಗಾಳಿಯ ವೇಗವೂ ಲೆಕ್ಕ ಕೆಡಿಸುತ್ತದೆ. ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಗಾಳಿಯ ಬಾಗಿಲು) ದಾಟಿದ ಮೇಲಿನ ಮ್ಯಾನಿಫೋಲ್ಡಿಗೆ, ಅಂದ್ರೆ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆಗೆ, ಮಾತ್ರ ಇದನ್ನು ಸಿಕ್ಕಿಸಲೇಬೇಡಿ. ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ನೆ ಓಡುವಾಗ) ಅಲ್ಲಿ ನೀರನ್ನು 5 ಮೀಟರ್ ಎತ್ತರಕ್ಕೆ ಎಳೆಯುವಷ್ಟು ವ್ಯಾಕ್ಯೂಮ್ ಇರುತ್ತದೆ, ಪೈಪಿನ ನೀರೆಲ್ಲ ಎಂಜಿನ್ ಒಳಗೆ!

ಬೆಳಗಿನ ಜಾವ, ಖಾಲಿ ರಸ್ತೆ, ಎರಡನೇ ಗೇರ್, ಆಕ್ಸಿಲರೇಟರ್ ಪೂರ್ತಿ ಒತ್ತಿ 6000 ಆರ್‌ಪಿಎಂವರೆಗೆ. ಪಕ್ಕದಲ್ಲಿ ಹಲಗೆ ಹಿಡಿದು ಕೂತ ತಮ್ಮ ಓದಿ ಹೇಳುತ್ತಾ ಹೋದ. ಥ್ರಾಟಲ್ ಹತ್ತಿರ ಒಟ್ಟು 32 ಸೆಂ.ಮೀ. ಫಿಲ್ಟರ್ ದಾಟಿದ ಕೂಡಲೇ 27. ಫಿಲ್ಟರಿಗೆ ಬರುವ ಮೊದಲೇ 21! ಎಲ್ಲರೂ ಬಯ್ಯುವ ಫಿಲ್ಟರ್ ತಿಂದದ್ದು ಬರೀ 6. ಫಿಲ್ಟರ್ ಇರುವ ಬಾಕ್ಸಿಗೆ ಗಾಳಿ ತರುವ ಆ ಕಿರಿದಾದ ಡೊಂಕು ಪ್ಲಾಸ್ಟಿಕ್ ಮೂತಿಯೇ ಹೆಚ್ಚಿನದ್ದನ್ನು ನುಂಗಿತ್ತು.

ಹಾಗಾಗಿ ಫಿಲ್ಟರ್ ಮುಟ್ಟಲಿಲ್ಲ. ಮೂತಿ ತೆಗೆದು, ಅಗಲದ ಪೈಪ್ ಒಂದನ್ನು ಒಂದೇ ತಿರುವಿನಲ್ಲಿ ಗ್ರಿಲ್ ಹಿಂದಿನವರೆಗೆ ತಂದೆ. ಅದರ ಬಾಯಿಯನ್ನು ಬಂಪರ್ ಕೆಳಗೆ ಇಳಿಸಿಲ್ಲ, ಮಳೆಗಾಲದಲ್ಲಿ ನಮ್ಮ ಅಂಡರ್‌ಪಾಸ್‌ಗಳು ಹೇಗಿರುತ್ತವೆ ಗೊತ್ತಲ್ವಾ. ಮತ್ತೆ ಅಳೆದಾಗ ಒಟ್ಟು 15 ಸೆಂ.ಮೀ. ಉಳಿಸಿದ 17 ಸೆಂ.ಮೀ. ಅಂದ್ರೆ ಹೊರಗಿನ ಗಾಳಿಯ ಒತ್ತಡದಲ್ಲಿ ಶೇ 2ಕ್ಕೆ ಹತ್ತಿರ, ಪವರ್ ಕೂಡ ಹೆಚ್ಚುಕಡಿಮೆ ಅಷ್ಟೇ, ಅದೂ ಮೇಲಿನ ಆರ್‌ಪಿಎಂನಲ್ಲಿ. ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡಿಸುವವರಿಗೆ ಏನೂ ಗೊತ್ತಾಗಲ್ಲ. ಸದ್ದು ಮಾತ್ರ ಜಾಸ್ತಿಯಾಗಿದೆ.

ಆ ಕೋನ್ ಫಿಲ್ಟರ್ ಬಾನೆಟ್ ಒಳಗೆ ಸುಮ್ನೆ ಕೂರಿಸಿದರೆ ಈ ನೀರಿನ ಪೈಪಿನ ಅಳತೆಯಲ್ಲಿ ಚೆನ್ನಾಗೇ ಕಾಣುತ್ತದೆ. ಆದರೆ ಅದು ಎಳೆಯುವುದು ಎಂಜಿನ್ ಪಕ್ಕದ ಬಿಸಿಗಾಳಿ. ಹೊರಗೆ 30 ಡಿಗ್ರಿ, ಒಳಗೆ 60 ಡಿಗ್ರಿ ಇದ್ದರೆ ಗಾಳಿ ಶೇ 9ರಷ್ಟು ತೆಳುವಾಗುತ್ತದೆ. ಅದನ್ನು ನೀರಿನ ಪೈಪ್ ಹೇಳಲ್ಲ, ಒಂದು ಥರ್ಮಾಮೀಟರೂ ಬೇಕು.

ಕೊರೆದ ತೂತುಗಳಿಗೆ ಬಿಗಿಯಾದ ರಬ್ಬರ್ ಮುಚ್ಚಳ ಹಾಕಿದ್ದೇನೆ, ಇಲ್ಲದಿದ್ದರೆ ಫಿಲ್ಟರ್ ದಾಟಿದ ಜಾಗದಿಂದ ಧೂಳು ಸೀದಾ ಎಂಜಿನ್‌ಗೆ ಹೋಗುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಕೆಂಪಾಗುವ ಇಂಡಿಕೇಟರ್ ಲಾರಿಗಳಲ್ಲಿರುತ್ತೆ, ನನ್ನ ಕಾರಿನಲ್ಲಿಲ್ಲ. ಈಗ ಅದಕ್ಕೂ ಇದೇ ಹಲಗೆ: ಫಿಲ್ಟರಿನ 6 ಸೆಂ.ಮೀ. 12 ಆದ ದಿನ ಹೊಸದು ಹಾಕುವುದು.