ಅಮೆರಿಕದಲ್ಲಿ ಟಿಕೆಟ್ ಯಾರಿಗೆ? ಹೈಕಮಾಂಡ್ ಇಲ್ಲದ ಕಡೆ ಊಹೆ ಮಾಡೋದು ಹೇಗೆ

ಶಿರಸಿ, ಸಿದ್ದಾಪುರ, ಕುಮಟಾ ಕಡೆಯವರು ಅಮೆರಿಕಕ್ಕೆ ಬಂದು ಎಷ್ಟು ವರ್ಷವಾದರೂ, ಊರಿಗೆ ಫೋನ್ ಮಾಡಿದಾಗ ಮಳೆ, ಅಡಿಕೆ ದರ ಮುಗಿದ ಮೇಲೆ ಮಾತು ರಾಜಕೀಯಕ್ಕೇ ಬರುತ್ತದೆ. "ತಮಾ, ಅಲ್ಲಿ ಮುಂದಿನ ಸಲ ಅಧ್ಯಕ್ಷರ ಟಿಕೇಟು ಯಾರಿಗಡಾ?" ಅಂತ ಮಾವ ಕೇಳುತ್ತಾರೆ. ನಾವು ಟಿವಿಯಲ್ಲಿ ಕೇಳಿದ ನಾಲ್ಕು ಹೆಸರು ಹೇಳಿ ಜಾರಿಕೊಳ್ಳುತ್ತೇವೆ.

ಟಿಕೆಟ್ ಲೆಕ್ಕಾಚಾರ ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2024ರ ಲೋಕಸಭೆ ಚುನಾವಣೆಗೆ, ಮೊದಲೇ ಆರು ಸಲ ಗೆದ್ದಿದ್ದ ಅನಂತಕುಮಾರ ಹೆಗಡೆಯವರಿಗೆ ಬಿಜೆಪಿ ಮತ್ತೆ ಟಿಕೆಟ್ ಕೊಡುತ್ತದಾ ಇಲ್ಲವಾ ಅನ್ನೋದೇ ಎಲ್ಲರ ಬಾಯಲ್ಲಿತ್ತು. ದಿಲ್ಲಿಯಿಂದ ಪಟ್ಟಿ ಬಂತು, ಅದರಲ್ಲಿ ವಿಶ್ವೇಶ್ವರ ಹೆಗಡೆ ಕಾಗೇರಿಯವರ ಹೆಸರಿತ್ತು. ಮಾತು ಅಲ್ಲಿಗೆ ಮುಗಿಯಿತು. ಕಾಂಗ್ರೆಸ್ಸಿನಲ್ಲಿ ಖಾನಾಪುರದ ಅಂಜಲಿ ನಿಂಬಾಳ್ಕರ್ ಹೆಸರು ಬಂದದ್ದೂ ಮೇಲಿನಿಂದಲೇ. ಹಾಗಾಗಿ ಊರಲ್ಲಿ ಊಹೆ ಮಾಡುವವರು ಮುಖ್ಯವಾಗಿ ನೋಡೋದು ಒಂದನ್ನೇ: ದಿಲ್ಲಿಯಲ್ಲಿ ಯಾರ ಮಾತು ನಡೆಯುತ್ತದೆ?

ಅದೇ ಕಣ್ಣಲ್ಲಿ ಅಮೆರಿಕವನ್ನು ನೋಡಿದರೆ ತಾಳೆಯೇ ಆಗೋದಿಲ್ಲ. ಇಲ್ಲಿ ಬಿ ಫಾರ್ಮ್ ಕೊಡುವ ಹೈಕಮಾಂಡ್ ಇಲ್ಲ. ಟಿಕೆಟ್ ಕೊಡುವವರು ಮತದಾರರು. ಅದೂ ಒಂದೇ ದಿನ ಅಲ್ಲ, ಒಂದೊಂದು ರಾಜ್ಯದಲ್ಲಿ ಒಂದೊಂದು ದಿನ. ಆದ್ದರಿಂದ ಇಲ್ಲಿ ಊಹೆ ಮಾಡುವವರು ನಾಯಕರ ಮುಖ ನೋಡೋದಕ್ಕಿಂತ ಕ್ಯಾಲೆಂಡರ್ ನೋಡೋದು ಒಳ್ಳೆಯದು.

ಮೊದಲು ಇಲ್ಲೂ ಹೀಗಿರಲಿಲ್ಲ. ಪಕ್ಷದ ದೊಡ್ಡವರು ಸಮ್ಮೇಳನದಲ್ಲಿ ಕೂತು ಚೌಕಾಸಿ ಮಾಡುತ್ತಿದ್ದರು. 1924ರಲ್ಲಿ ನ್ಯೂಯಾರ್ಕ್‌ನಲ್ಲಿ ಸೇರಿದ ಡೆಮಾಕ್ರಟರು 103 ಸುತ್ತು ಮತ ಹಾಕಿದ ಮೇಲೆ ಜಾನ್ ಡೇವಿಸ್ ಹೆಸರಿಗೆ ಒಪ್ಪಿದರು. ಅಷ್ಟಾಗಿಯೂ ಚುನಾವಣೆಯಲ್ಲಿ ಸೋತರು ಬಿಡಿ. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದೇ ಒಂದು ಪ್ರೈಮರಿಗೂ (ಟಿಕೆಟ್‌ಗಾಗಿ ರಾಜ್ಯದಲ್ಲಿ ನಡೆಯುವ ಮತದಾನ) ನಿಲ್ಲದೆ ಡೆಮಾಕ್ರಟಿಕ್ ಟಿಕೆಟ್ ಪಡೆದರು. ಆಗ ವಿಯೆಟ್ನಾಂ ಯುದ್ಧದ ಸಿಟ್ಟು ಬೇರೆ ಇತ್ತು. ಶಿಕಾಗೋದ ಸಮ್ಮೇಳನದ ಹೊರಗೆ ಪೊಲೀಸರು ಪ್ರತಿಭಟನೆಗೆ ಬಂದವರನ್ನು ಹೊಡೆಯೋದನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು. ಆಮೇಲೆ ನಿಯಮ ಬದಲಾಯಿತು. 1972ರಿಂದ ಈಚೆಗೆ ಪ್ರೈಮರಿ ಮತ್ತು ಕಾಕಸ್‌ಗಳೇ ಟಿಕೆಟ್ ತೀರ್ಮಾನ ಮಾಡುತ್ತಿವೆ.

ಪ್ರೈಮರಿ ಅಂದರೆ ಮಾಮೂಲಿ ಮತದಾನ. ಕಾಕಸ್ ಬೇರೆ ಥರ. ಅಯೋವಾ ರಾಜ್ಯದಲ್ಲಿ ಡೆಮಾಕ್ರಟರು 2020ರವರೆಗೆ ಮಾಡುತ್ತಿದ್ದ ರೀತಿ ನೋಡಲು ಮಜಾ ಇತ್ತು. ಕೊರೆಯುವ ಚಳಿಯ ಸಂಜೆ, ಶಾಲೆಯ ಜಿಮ್‌ನಲ್ಲಿ ಅಕ್ಕಪಕ್ಕದ ಬೀದಿಯವರೆಲ್ಲ ಸೇರುತ್ತಾರೆ. ಈ ಮೂಲೆಯಲ್ಲಿ ಒಬ್ಬ ಅಭ್ಯರ್ಥಿಯ ಕಡೆಯವರು, ಆ ಮೂಲೆಯಲ್ಲಿ ಇನ್ನೊಬ್ಬರ ಕಡೆಯವರು. ತಲೆ ಎಣಿಕೆ ಆಗುತ್ತದೆ. ಸಾಮಾನ್ಯವಾಗಿ ಶೇ. 15ಕ್ಕಿಂತ ಕಡಿಮೆ ಇದ್ದ ಗುಂಪು ಕರಗಲೇಬೇಕು. ಆಗ ಉಳಿದವರು "ಬನ್ನಿ ನಮ್ಮ ಕಡೆ" ಅಂತ ಕರೆಯಲು ಶುರು. ಗುಟ್ಟಿನ ಮತದಾನ ಇಲ್ಲವೇ ಇಲ್ಲ, ನೀವು ಯಾವ ಮೂಲೆಯಲ್ಲಿ ನಿಂತಿದ್ದೀರಿ ಅಂತ ಪಕ್ಕದ ಮನೆಯವರಿಗೂ ಕಾಣುತ್ತದೆ. ನಮ್ಮೂರಲ್ಲಿ ಹೀಗೆ ಮಾಡಿದ್ದರೆ ಎಷ್ಟು ಮನೆಗಳಲ್ಲಿ ಮಾತು ಬಿಡುತ್ತಿದ್ದರೋ! 2020ರಲ್ಲಿ ಎಣಿಕೆ ಕಳಿಸುವ ಆ್ಯಪ್ ಕೈಕೊಟ್ಟು ಫಲಿತಾಂಶ ದಿನಗಟ್ಟಲೆ ತಡವಾಯಿತು, ಪಕ್ಷದ ಮಾನ ಹೋಯಿತು. 2024ಕ್ಕೆ ಡೆಮಾಕ್ರಟರು ಸೌತ್ ಕ್ಯಾರೊಲಿನಾವನ್ನು ಮೊದಲಿಗೆ ತಂದರು. ರಿಪಬ್ಲಿಕನ್ನರು ಅಯೋವಾವನ್ನೇ ಮೊದಲು ಇಟ್ಟುಕೊಂಡರು. ಅವರು ಸುಮ್ನೆ ಚೀಟಿಯಲ್ಲಿ ಹೆಸರು ಬರೆದು ಹಾಕುತ್ತಾರೆ.

ಈ ಸರದಿ ಯಾಕೆ ಇಷ್ಟು ಮುಖ್ಯ ಅನ್ನೋದಕ್ಕೆ 2020ರ ಬೈಡನ್ ಕಥೆಯೇ ಸಾಕು. ಅಯೋವಾದಲ್ಲಿ ನಾಲ್ಕನೆಯವರು, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೆಯವರು. ಕಥೆ ಮುಗಿಯಿತು ಅಂತ ಎಲ್ಲ ಕಡೆ ಬರೆದರು. ನೆವಾಡಾದಲ್ಲಿ ಎರಡನೆಯವರಾದರು. ಆಮೇಲೆ ಸೌತ್ ಕ್ಯಾರೊಲಿನಾ. ಅಲ್ಲಿ ಡೆಮಾಕ್ರಟಿಕ್ ಮತದಾರರಲ್ಲಿ ಕಪ್ಪು ಜನರೇ ಜಾಸ್ತಿ. ಅಲ್ಲಿನ ಸಂಸದ ಜಿಮ್ ಕ್ಲೈಬರ್ನ್ ಬೈಡನ್ ಬೆನ್ನಿಗೆ ನಿಂತರು. ಫೆಬ್ರವರಿ 29ರಂದು ಬೈಡನ್ ಭಾರಿ ಅಂತರದಲ್ಲಿ ಗೆದ್ದರು. ಎರಡೇ ದಿನದಲ್ಲಿ ಬುಟಜೆಜ್, ಕ್ಲೋಬುಚಾರ್ ಕಣದಿಂದ ಸರಿದು ಅವರಿಗೇ ಬೆಂಬಲ ಕೊಟ್ಟರು. ಮಾರ್ಚ್ 3, ಸೂಪರ್ ಟ್ಯೂಸ್‌ಡೇ, ಅಂದರೆ ಹಲವು ರಾಜ್ಯಗಳು ಒಟ್ಟಿಗೇ ಮತ ಹಾಕುವ ಮಂಗಳವಾರ. ಅವತ್ತು 14 ರಾಜ್ಯಗಳಲ್ಲಿ 10 ಬೈಡನ್ ಪಾಲಾದವು. ಸರದಿ ಬೇರೆ ಇದ್ದಿದ್ದರೆ ಅವರು ಅಲ್ಲಿಯವರೆಗೆ ಉಳಿಯುತ್ತಿದ್ದರು ಅಂತ ನನಗಂತೂ ಅನ್ನಿಸೋದಿಲ್ಲ.

ಮತ ಎಣಿಸೋದು ಕೊನೆಗೆ ಡೆಲಿಗೇಟ್‌ಗಳ, ಅಂದರೆ ಸಮ್ಮೇಳನದಲ್ಲಿ ಮತ ಹಾಕುವ ಪ್ರತಿನಿಧಿಗಳ, ಲೆಕ್ಕದಲ್ಲಿ. ಡೆಮಾಕ್ರಟರು ಮತದ ಪ್ರಮಾಣಕ್ಕೆ ತಕ್ಕಂತೆ ಹಂಚುತ್ತಾರೆ, ಶೇ. 15 ದಾಟದವರಿಗೆ ಏನೂ ಇಲ್ಲ. ರಿಪಬ್ಲಿಕನ್ನರಲ್ಲಿ ಕೆಲವು ರಾಜ್ಯಗಳು ಗೆದ್ದವನಿಗೇ ಪೂರ್ತಿ ಕೊಟ್ಟುಬಿಡುತ್ತವೆ. 2016ರಲ್ಲಿ ಸೌತ್ ಕ್ಯಾರೊಲಿನಾದಲ್ಲಿ ಟ್ರಂಪ್‌ಗೆ ಬಂದದ್ದು ಸುಮಾರು ಶೇ. 32ರಷ್ಟು ಮತ, ಸಿಕ್ಕಿದ್ದು 50ಕ್ಕೆ 50 ಡೆಲಿಗೇಟ್. ಎದುರಾಳಿಗಳು ಹೆಚ್ಚಿದ್ದಷ್ಟೂ ಮುಂದಿದ್ದವನಿಗೆ ಲಾಭ. "ಇವನಿಗೆ ಬಹುಮತ ಎಲ್ಲಿದೆ" ಅಂತ ಕೇಳುತ್ತಾ ಕೂರುವುದರೊಳಗೆ ಆಟ ಮುಗಿದಿರುತ್ತದೆ.

ಬೇಸಿಗೆಯಲ್ಲಿ ನಡೆಯುವ ಸಮ್ಮೇಳನ ಈಗ ಬಹುಮಟ್ಟಿಗೆ ಬಲೂನು, ಭಾಷಣದ ಕಾರ್ಯಕ್ರಮ. ಮೊದಲ ಸುತ್ತಿನಲ್ಲಿ ತೀರ್ಮಾನವಾಗದೆ ಎರಡನೇ ಸುತ್ತಿಗೆ ಹೋದದ್ದು ಕೊನೆಯ ಸಲ 1952ರಲ್ಲಿ. ಆದರೆ 2024ರ ಜುಲೈ 21ರಂದು ಬೈಡನ್ ಹಿಂದೆ ಸರಿದಾಗ ಆ ಡೆಲಿಗೇಟ್‌ಗಳಿಗೆ ದಿಢೀರನೆ ಬೆಲೆ ಬಂತು. ಶಿಕಾಗೋ ಸಮ್ಮೇಳನಕ್ಕೂ ಮೊದಲೇ, ಆಗಸ್ಟ್ ಶುರುವಿನಲ್ಲಿ, ಆನ್‌ಲೈನ್ ಮತದಾನ ಮಾಡಿ ಕಮಲಾ ಹ್ಯಾರಿಸ್‌ಗೆ ಟಿಕೆಟ್ ಕೊಟ್ಟರು.

ಇನ್ನು 2028. ಮಾವನ ಮೊದಲ ಪ್ರಶ್ನೆ ಟ್ರಂಪ್ ಮತ್ತೆ ನಿಲ್ಲುತ್ತಾರಾ ಅಂತಲೇ ಇರುತ್ತದೆ. 1951ರಲ್ಲಿ ಜಾರಿಗೆ ಬಂದ 22ನೇ ತಿದ್ದುಪಡಿ ಪ್ರಕಾರ ಯಾರೂ ಎರಡು ಸಲಕ್ಕಿಂತ ಹೆಚ್ಚು ಅಧ್ಯಕ್ಷರಾಗಿ ಆಯ್ಕೆ ಆಗುವಂತಿಲ್ಲ. ಹಾಗಾಗಿ ಎರಡೂ ಪಕ್ಷದಲ್ಲಿ ಜಾಗ ಖಾಲಿ. ಹುಟ್ಟಿನಿಂದಲೇ ನಾಗರಿಕರಾಗಿರಬೇಕು, 35 ವಯಸ್ಸಾಗಿರಬೇಕು, 14 ವರ್ಷ ಇಲ್ಲಿ ವಾಸ ಮಾಡಿರಬೇಕು. ನಿಮಗೆ ಆಗೋದಿಲ್ಲ, ಇಲ್ಲೇ ಹುಟ್ಟಿದ ನಿಮ್ಮ ಮಗಳಿಗೆ ಆಗುತ್ತದೆ.

ರಿಪಬ್ಲಿಕನ್ನರಲ್ಲಿ ಮೊದಲು ಬರುವ ಹೆಸರು ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್. ಇದಕ್ಕೆ ಆಧಾರ ಇದೆ: 1960ರಲ್ಲಿ ನಿಕ್ಸನ್, 1988ರಲ್ಲಿ ಹಿರಿಯ ಬುಷ್, 2000ದಲ್ಲಿ ಗೋರ್, ಎಲ್ಲರೂ ಉಪಾಧ್ಯಕ್ಷರಾಗಿದ್ದುಕೊಂಡೇ ಟಿಕೆಟ್ ಪಡೆದವರು. ಆದರೆ ಮಾಜಿ ಉಪಾಧ್ಯಕ್ಷ ಮೈಕ್ ಪೆನ್ಸ್ 2024ರ ಕಣದಿಂದ ಅಯೋವಾ ಬರುವ ಮೊದಲೇ ಮನೆಗೆ ಹೋದರು. ಡೆಮಾಕ್ರಟರಲ್ಲಿ ನ್ಯೂಸಮ್, ಹ್ಯಾರಿಸ್, ಬುಟಜೆಜ್, ಶಪಿರೋ, ಪ್ರಿಟ್ಜ್‌ಕರ್ ಹೆಸರು ಓಡಾಡುತ್ತಿವೆ. ಇಲ್ಲಿ ಬಾಯಿಮಾತಿಗಿಂತ ನಡೆ ನೋಡಬೇಕು. 2025ರಲ್ಲಿ ಬುಟಜೆಜ್ ಮಿಶಿಗನ್‌ನ ಸೆನೆಟ್‌ಗೂ ಗವರ್ನರ್ ಹುದ್ದೆಗೂ ನಿಲ್ಲೋದಿಲ್ಲ ಅಂದರು. ಹ್ಯಾರಿಸ್ ಕ್ಯಾಲಿಫೋರ್ನಿಯಾ ಗವರ್ನರ್ ಹುದ್ದೆಗೆ ಬೇಡ ಅಂದರು. ಸಣ್ಣ ಬಾಗಿಲು ಮುಚ್ಚಿದವರು ದೊಡ್ಡದರ ಮೇಲೆ ಕಣ್ಣಿಟ್ಟಿರಬಹುದು ಅಲ್ವಾ? ಆತ್ಮಕಥೆ ಬರೆಯೋದು, ಕೆಲಸವಿಲ್ಲದಿದ್ದರೂ ನ್ಯೂ ಹ್ಯಾಂಪ್‌ಶೈರ್‌ಗೆ ಹೋಗಿ ಬರೋದು, ಇವೂ ಅದೇ ಜಾತಿಯ ಸುಳಿವು. "ನಿಲ್ಲೊಲ್ಲ" ಅನ್ನೋದನ್ನು ಮಾತ್ರ ನಂಬಬೇಡಿ. ಒಬಾಮ 2006ರ ಜನವರಿಯಲ್ಲಿ ಟಿವಿಯಲ್ಲಿ ಹಾಗೇ ಹೇಳಿ, 2007ರ ಫೆಬ್ರವರಿಯಲ್ಲಿ ಸ್ಪರ್ಧೆ ಘೋಷಿಸಿದರು.

ಸಮೀಕ್ಷೆಗಳನ್ನು ಈಗಲೇ ನಂಬೋದು ಹೂವು ನೋಡಿ ಅಪ್ಪೆಮಿಡಿ ಲೆಕ್ಕ ಹಾಕಿದ ಹಾಗೆ. 2007ರ ಬಹುಪಾಲು ರಿಪಬ್ಲಿಕನ್ ಸಮೀಕ್ಷೆಗಳಲ್ಲಿ ರೂಡಿ ಜುಲಿಯಾನಿಯೇ ಮುಂದೆ. ಅವರು ಮೊದಲ ರಾಜ್ಯಗಳನ್ನು ಬಿಟ್ಟು ಫ್ಲಾರಿಡಾ ನಂಬಿ ಕೂತರು. ಅಲ್ಲಿ ಮೂರನೆಯವರಾಗಿ ಆಟ ಬಿಟ್ಟರು.

ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಭಾರತದ ಬೇರಿನ ಹೆಸರು ಬಂದರೆ ಸಂಭ್ರಮವೋ ಸಂಭ್ರಮ. 2024ರಲ್ಲಿ ವಿವೇಕ್ ರಾಮಸ್ವಾಮಿ ಅಯೋವಾದಲ್ಲಿ ನಾಲ್ಕನೆಯವರಾಗಿ ಅವತ್ತೇ ರಾತ್ರಿ ಸರಿದರು. ನ್ಯೂ ಹ್ಯಾಂಪ್‌ಶೈರ್‌ನ ಡಿಕ್ಸ್‌ವಿಲ್ ನಾಚ್ ಅನ್ನೋ ಪುಟ್ಟ ಊರಿನಲ್ಲಿ ಮಧ್ಯರಾತ್ರಿ ಮತ ಹಾಕಿ ಕೂಡಲೇ ಎಣಿಸುತ್ತಾರೆ. ಅಲ್ಲಿದ್ದ ಆರಕ್ಕೆ ಆರು ಮತವೂ ನಿಕ್ಕಿ ಹೇಲಿಗೆ! ಬೆಳಗಾಗುವುದರೊಳಗೆ ನನ್ನ ಫೋನಿನಲ್ಲಿ ಅಭಿನಂದನೆಗಳ ಸುರಿಮಳೆ. ಸಂಜೆಗೆ ರಾಜ್ಯ ಗೆದ್ದವರು ಟ್ರಂಪ್.

ಈಗ ನಿಮ್ಮ ವಿಷಯ. ವೀಸಾ, ಗ್ರೀನ್ ಕಾರ್ಡ್ ಇರುವವರಿಗೆ ಈ ಮತ ಇಲ್ಲ. ಡಿಎಂವಿ ಅನ್ನೋ ವಾಹನ ಇಲಾಖೆಯಲ್ಲಿ ಲೈಸೆನ್ಸ್ ಮಾಡಿಸುವಾಗ ಅರ್ಜಿಯಲ್ಲೇ ಮತದಾರರ ಪಟ್ಟಿಗೆ ಸೇರುತ್ತೀರಾ ಅಂತ ಕೇಳುತ್ತಾರೆ. ಗಡಿಬಿಡಿಯಲ್ಲಿ ಟಿಕ್ ಹಾಕಬೇಡಿ. ಮುಂದೆ ಪೌರತ್ವದ ಅರ್ಜಿಯಲ್ಲಿ ಇದನ್ನೇ ಕೇಳುತ್ತಾರೆ, ಗಡೀಪಾರಿನವರೆಗೂ ಹೋಗಬಹುದು. ದೇಣಿಗೆಯನ್ನು ಗ್ರೀನ್ ಕಾರ್ಡ್ ಇದ್ದವರು ಕೊಡಬಹುದು, ಎಚ್-1ಬಿ ಇದ್ದವರು ಕೊಡುವಂತಿಲ್ಲ. ಬೇರೆಯವರ ಹೆಸರಿನಲ್ಲಿ ನಿಮ್ಮ ದುಡ್ಡು ಕೊಡಿಸೋದೂ ಅಪರಾಧವೇ.

ನಾಗರಿಕರಾದವರು ನಿಮ್ಮ ರಾಜ್ಯದ ನಿಯಮ ನೋಡಿಕೊಳ್ಳಿ. ಟೆಕ್ಸಾಸ್‌ನಲ್ಲಿ ಪಕ್ಷದ ನೋಂದಣಿಯೇ ಇಲ್ಲ, ಮತಗಟ್ಟೆಯಲ್ಲಿ ಯಾವ ಪಕ್ಷದ ಬ್ಯಾಲೆಟ್ ಬೇಕು ಅಂತ ಹೇಳಿದರಾಯಿತು. ನಾನಿರುವ ನ್ಯೂಜೆರ್ಸಿಯಲ್ಲಿ ಯಾವ ಪಕ್ಷಕ್ಕೂ ಸೇರದವರು ಅವತ್ತೇ ಪಕ್ಷ ಆರಿಸಿಕೊಳ್ಳಬಹುದು. ಆದರೆ ನಮ್ಮ ಸರದಿ ಜೂನ್‌ನಲ್ಲಿ. 2024ರಲ್ಲಿ ಬೈಡನ್, ಟ್ರಂಪ್ ಇಬ್ಬರೂ ಮಾರ್ಚ್ 12ಕ್ಕೇ ಬೇಕಾದಷ್ಟು ಡೆಲಿಗೇಟ್ ಗಳಿಸಿಯಾಗಿತ್ತು. ನಾವು ಹಾಕಿದ್ದು ಊಟ ಮುಗಿದ ಮೇಲಿನ ಉಪ್ಪು. ಕ್ಯಾಲಿಫೋರ್ನಿಯಾದಲ್ಲಿ ಪಕ್ಷ ಬೇಡ ಅಂತ ಬರೆಸಿದವರಿಗೆ ಅಂಚೆಯಲ್ಲಿ ಬರುವ ಪ್ರೈಮರಿ ಬ್ಯಾಲೆಟ್‌ನಲ್ಲಿ ಅಧ್ಯಕ್ಷರ ಸಾಲೇ ಇರೋದಿಲ್ಲ. 2024ರಲ್ಲಿ ಡೆಮಾಕ್ರಟಿಕ್ ಬ್ಯಾಲೆಟ್ ಬೇಕಿದ್ದರೆ ಬೇರೆಯಾಗಿ ಕೇಳಬೇಕಿತ್ತು, ರಿಪಬ್ಲಿಕನ್ ಬೇಕಿದ್ದರೆ ಆ ಪಕ್ಷಕ್ಕೇ ನೋಂದಾಯಿಸಬೇಕಿತ್ತು.

ಈ ನಾಲ್ಕರಲ್ಲಿ ನ್ಯೂಯಾರ್ಕೇ ಬಿಗಿ. ಪಕ್ಷಕ್ಕೆ ನೋಂದಾಯಿಸಿದವರಿಗೆ ಮಾತ್ರ ಪ್ರೈಮರಿ, ಪಕ್ಷ ಬದಲಿಸುವ ಗಡುವು ಬಹಳ ಮೊದಲೇ ಮುಗಿಯುತ್ತದೆ. 2016ರಲ್ಲಿ ಆ ಗಡುವು ತಪ್ಪಿಸಿಕೊಂಡವರಲ್ಲಿ ಇವಾಂಕಾ ಮತ್ತು ಎರಿಕ್ ಟ್ರಂಪ್ ಕೂಡ ಇದ್ದರು. ಸ್ವಂತ ಅಪ್ಪನಿಗೇ ಅವರು ಪ್ರೈಮರಿಯಲ್ಲಿ ಮತ ಹಾಕಲಾಗಲಿಲ್ಲ. ನ್ಯೂಯಾರ್ಕ್‌ನಲ್ಲಿರುವವರು ಚುನಾವಣೆಯ ಹಿಂದಿನ ವರ್ಷ ದೀಪಾವಳಿಗೆ ಮೊದಲೇ ಕೌಂಟಿ ಚುನಾವಣಾ ಕಚೇರಿಯ ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ಯಾವ ಪಕ್ಷ ಅಂತ ಇದೆ ನೋಡಿಬಿಡಿ.