ಬೇರು ಬಲಿಯದ ಹಲ್ಲು, ಅದರದೇ ಸ್ಟೆಮ್ ಸೆಲ್: ನನ್ನ ಅನುಭವ

ಏಳೆಂಟು ವರ್ಷದ ಮಕ್ಕಳು ಬಿದ್ದು ಮೇಲಿನ ಮುಂಹಲ್ಲಿಗೆ ಏಟು ಬಿದ್ದಾಗ, ಎಷ್ಟೋ ಸಲ ಹಲ್ಲು ಮುರಿಯದಿದ್ದರೂ ಒಳಗಿನ ತಿರುಳು ಸಾಯುತ್ತದೆ. ಆ ಹಲ್ಲಿನ ಬೇರು ಪೂರ್ತಿ ಬೆಳೆಯುವುದು ಹತ್ತು ವರ್ಷದ ಹೊತ್ತಿಗೆ. ಅದಕ್ಕೆ ಮುಂಚೆಯೇ ತಿರುಳು ಹೋದರೆ ಬೇರಿನ ಗೋಡೆ ತೆಳ್ಳಗೇ ಉಳಿಯುತ್ತದೆ, ತುದಿ ಬಾಯಿ ತೆರೆದೇ ಇರುತ್ತದೆ. ತುದಿಗೆ ಎಂಟಿಎ ಎಂಬ ಸಿಮೆಂಟ್ ಒತ್ತಿ ಮುಚ್ಚಬಹುದು, ಆದರೆ ಗೋಡೆ ದಪ್ಪವಾಗುವುದಿಲ್ಲ. ಮುಂದೆ ಹಲ್ಲಿನ ಕತ್ತಿನ ಹತ್ತಿರ ಮುರಿಯುವ ಭಯ ಇದ್ದೇ ಇರುತ್ತದೆ. ಇಂಥ ಹಲ್ಲಿಗೆ ನಾನು ಮೊದಲು ಯೋಚಿಸುವುದು ರೀವ್ಯಾಸ್ಕ್ಯುಲರೈಸೇಶನ್: ಸೋಂಕು ತೊಳೆದು, ಬೇರಿನ ತುದಿಯಿಂದ ರಕ್ತ ಬರಿಸಿ, ಆ ಹೆಪ್ಪಿನಲ್ಲಿ ಹೊಸ ಅಂಗಾಂಶ ಬೆಳೆಯುವಂತೆ ಮಾಡುವ ಚಿಕಿತ್ಸೆ.

ಸ್ಟೆಮ್ ಸೆಲ್ (ಬೇರೆ ಬೇರೆ ಅಂಗಾಂಶವಾಗಿ ಬೆಳೆಯಬಲ್ಲ ಕೋಶ) ಎಂದೊಡನೆ ತಂದೆತಾಯಿ ಹಾಲುಹಲ್ಲಿನ ಕೋಶ ಕಾದಿಡುವ ಬ್ಯಾಂಕ್ ಬಗ್ಗೆ ವಿಚಾರಿಸುತ್ತಾರೆ. ಇದಕ್ಕೆ ಅದೇನೂ ಬೇಡ. ಬೇರಿನ ತುದಿಗೆ ಅಂಟಿಕೊಂಡ ಏಪಿಕಲ್ ಪ್ಯಾಪಿಲ್ಲಾ ಎಂಬ ಮೆತ್ತನೆಯ ಅಂಗಾಂಶದಲ್ಲಿ ಆ ಕೋಶಗಳಿವೆ. ಮೇಲಿನ ತಿರುಳು ಕೊಳೆತರೂ ಅವು ಬದುಕಿರಬಲ್ಲವು. ಸೋಂಕು ಸಾಯಬೇಕು, ಅವು ಸಾಯಬಾರದು. ಕೆಳಗಿನ ಅಳತೆಗಳೆಲ್ಲ ಅದಕ್ಕಾಗಿಯೇ.

ಮೊದಲ ಭೇಟಿಯಲ್ಲಿ ಹಲ್ಲಿಗೆ ಉಗುಳು ತಾಗದಂತೆ ರಬ್ಬರ್ ಹಾಳೆ (ರಬ್ಬರ್ ಡ್ಯಾಮ್) ಕಟ್ಟಿ ಹಲ್ಲು ತೆರೆಯುತ್ತೇನೆ. ಫೈಲ್ (ನಾಳ ಉಜ್ಜುವ ತೆಳು ಅರ) ಹಾಕಿ ಉಜ್ಜುವುದಿಲ್ಲ, ಇರುವ ಗೋಡೆಯೇ ತೆಳು. ತೊಳೆಯಲು ಸೋಡಿಯಂ ಹೈಪೋಕ್ಲೋರೈಟ್ 1.5%, 3% ದ್ರಾವಣಕ್ಕೆ ಅಷ್ಟೇ ಡಿಸ್ಟಿಲ್ಡ್ ವಾಟರ್ ಬೆರೆಸಿದರೆ ಆಯಿತು. 5% ಹಾಗೇ ಬಳಸಿದರೆ ತುದಿಯ ಕೋಶಗಳಿಗೆ ಅದೇ ವಿಷ. ಪಕ್ಕದಲ್ಲಿ ತೂತಿರುವ ಸೂಜಿಗೆ ಸ್ಟಾಪರ್ ಹಾಕಿ, ಬೇರಿನ ತುದಿಗೆ 1 ಮಿ.ಮೀ. ಮೊದಲೇ ನಿಲ್ಲಿಸಿ, 20 ಮಿ.ಲೀ.ಯನ್ನು 5 ನಿಮಿಷ ನಿಧಾನ ಬಿಡುತ್ತೇನೆ. ತುದಿ ತೆರೆದಿರುವುದರಿಂದ ಜೋರಾಗಿ ಒತ್ತಿದರೆ ದ್ರಾವಣ ಹೊರಗೆ ನುಗ್ಗಿ ಮುಖ ಊದಿಕೊಳ್ಳುತ್ತದೆ. ಆಮೇಲೆ ಸಲೈನ್ 20 ಮಿ.ಲೀ. ಪೇಪರ್ ಪಾಯಿಂಟ್‌ನಿಂದ ಒಣಗಿಸಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇಟ್ಟು, ಮೇಲೆ 3–4 ಮಿ.ಮೀ. ಗ್ಲಾಸ್ ಅಯಾನಮರ್ ಸಿಮೆಂಟ್. ಮೂರು ಆ್ಯಂಟಿಬಯೋಟಿಕ್‌ಗಳ ಪೇಸ್ಟ್ ಬಳಸುವವರು ಪ್ರತಿ ಮಿ.ಲೀ.ಗೆ 1–5 ಮಿ.ಗ್ರಾಂ. ದಾಟಬಾರದು. ಅದರಲ್ಲಿನ ಮಿನೋಸೈಕ್ಲಿನ್ ಹಲ್ಲನ್ನು ಬೂದು ಬಣ್ಣಕ್ಕೆ ತಿರುಗಿಸುತ್ತದೆ. ಮುಂಹಲ್ಲಿಗೆ ನಾನಂತೂ ಅದನ್ನು ಹಾಕುವುದಿಲ್ಲ.

ಒಂದರಿಂದ ನಾಲ್ಕು ವಾರ ಬಿಟ್ಟು ಎರಡನೇ ಭೇಟಿ. ಕೀವು, ವಸಡಿನ ಗುಳ್ಳೆ ಇನ್ನೂ ಇದ್ದರೆ ಮುಂದೆ ಹೋಗದೆ ಮತ್ತೆ ತೊಳೆದು ಔಷಧಿ ಬದಲಿಸುತ್ತೇನೆ.

ಈ ಸಲ ಮರಗಟ್ಟಿಸಲು ಅಡ್ರಿನಲಿನ್ ಇಲ್ಲದ ಇಂಜೆಕ್ಷನ್ನೇ ಬೇಕು: 3% ಮೆಪಿವಕೇನ್, ಸಿಗದಿದ್ದರೆ ಪ್ಲೇನ್ ಲಿಗ್ನೋಕೇನ್. ಟ್ರೇಯಲ್ಲಿ ಅಭ್ಯಾಸಬಲದಿಂದ 1:80,000 ಅಡ್ರಿನಲಿನ್ ಇರುವ ಕಾರ್ಟ್ರಿಜ್ ಬಂದು ಕೂತಿರುತ್ತದೆ, ಲೇಬಲ್ ಓದಿ. ರಕ್ತನಾಳ ಬಿಗಿದರೆ ಬೇಕಾದ ರಕ್ತವೇ ಬರುವುದಿಲ್ಲ. ಕೊನೆಯ ತೊಳೆತ 17% ಇಡಿಟಿಎ (ಹಲ್ಲಿನ ಕ್ಯಾಲ್ಸಿಯಂ ಕರಗಿಸುವ ದ್ರಾವಣ), 20 ಮಿ.ಲೀ. ಅದು ಬೇರಿನ ಗೋಡೆಯ ಪದಾರ್ಥವಾದ ಡೆಂಟಿನ್‌ನಲ್ಲಿ ಹುದುಗಿರುವ ಬೆಳವಣಿಗೆಯ ಅಂಶಗಳನ್ನು ಬಿಡಿಸುತ್ತದೆ. ಅದರ ಮೇಲೆ ಮತ್ತೆ ಹೈಪೋಕ್ಲೋರೈಟ್ ಹಾಕಿದರೆ ಮಾಡಿದ್ದು ವ್ಯರ್ಥ.

ನಂತರ 25ನೇ ನಂಬರ್ ಕೆ-ಫೈಲ್‌ನ ಮೂತಿ ಸ್ವಲ್ಪ ಬಗ್ಗಿಸಿ, ತುದಿಯಿಂದ 2 ಮಿ.ಮೀ. ಆಚೆ ದಾಟಿಸಿ ತಿರುಗಿಸುತ್ತೇನೆ. ರಕ್ತ ಬೇರಿನ ನಾಳದೊಳಗೆ ಏರುತ್ತದೆ. ವಸಡಿನ ಮಟ್ಟಕ್ಕಿಂತ 3–4 ಮಿ.ಮೀ. ಒಳಗೆ, ಬೇರಿನ ಕಡೆ, ಅದನ್ನು ತಡೆದು ಸುಮಾರು ಕಾಲು ಗಂಟೆ ಕಾಯಬೇಕು. ಕನ್ನಡಿಯಂತೆ ಹೊಳೆಯುತ್ತಿದ್ದ ಮೇಲ್ಮೈ ಮಂಕಾಗಿ, ಹಲ್ಲು ಅಲುಗಿದರೂ ಕದಲದೆ ನಿಂತಾಗ ಹೆಪ್ಪುಗಟ್ಟಿದೆ ಎಂದರ್ಥ. ಇಲ್ಲಿ ಅವಸರಪಟ್ಟರೆ ಮೇಲಿಟ್ಟ ಸಿಮೆಂಟ್ ಕೆಸರಿಗೆ ಬಿದ್ದ ಕಲ್ಲಿನಂತೆ ಮುಳುಗುತ್ತದೆ. ಹೆಪ್ಪಿನ ಮೇಲೆ ಕೊಲಾಜನ್ ಚೂರು ಹಾಸಿಯೇ ಸಿಮೆಂಟ್ ಇಡುವುದು ಕ್ಷೇಮ. ಎಂಟಿಎ ಹಲ್ಲನ್ನು ಕಪ್ಪಾಗಿಸಬಹುದಾದ್ದರಿಂದ ಮುಂಹಲ್ಲಿಗೆ ಬಯೋಡೆಂಟಿನ್ ಎಂಬ ಸಿಮೆಂಟ್ 3 ಮಿ.ಮೀ.: ಕ್ಯಾಪ್ಸೂಲಿನ ಪುಡಿಗೆ ಅದರ ದ್ರವದ ಐದು ಹನಿ, 30 ಸೆಕೆಂಡ್ ಮಿಕ್ಸ್, ಗಟ್ಟಿಯಾಗಲು ಸುಮಾರು 12 ನಿಮಿಷ. ಮೇಲೆ ಗ್ಲಾಸ್ ಅಯಾನಮರ್, ಕಾಂಪೋಸಿಟ್.

ಎರಡು ಮೂರು ಸಲ ಯತ್ನಿಸಿದರೂ ರಕ್ತ ಬಾರದಿದ್ದರೆ ಪಿಆರ್‌ಎಫ್ (ರೋಗಿಯದೇ ರಕ್ತದಿಂದ ಮಾಡಿ ನಾಳದೊಳಗೆ ಇಡುವ, ಪ್ಲೇಟ್‌ಲೆಟ್ ತುಂಬಿದ ಫೈಬ್ರಿನ್ ಹೆಪ್ಪು) ಒಂದು ದಾರಿ. ತೋಳಿನಿಂದ 10 ಮಿ.ಲೀ. ರಕ್ತ ತೆಗೆದು, ಹೆಪ್ಪುನಿರೋಧಕ ಸೇರಿಸದೆ, ಕೂಡಲೇ 2700 ಆರ್‌ಪಿಎಂನಲ್ಲಿ 12 ನಿಮಿಷ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಬೇಕು. ತಡವಾದರೆ ಟ್ಯೂಬಿನಲ್ಲೇ ಹೆಪ್ಪುಗಟ್ಟಿ ಕೆಡುತ್ತದೆ.

ಒಳಗೆ ಬೆಳೆಯುವುದು ನಿಜವಾದ ತಿರುಳೇ ಎಂದು ತಂದೆತಾಯಿಗೆ ಹೇಳಬೇಡಿ. ಸೂಕ್ಷ್ಮದರ್ಶಕದಡಿ ನೋಡಿದ ಹಲ್ಲುಗಳಲ್ಲಿ ಹೆಚ್ಚಾಗಿ ಕಂಡಿದ್ದು ಬೇರಿನ ಹೊರಪದರವಾದ ಸಿಮೆಂಟಮ್‌ನಂಥ, ಮೂಳೆಯಂಥ ಅಂಗಾಂಶ. ಹಾಲುಹಲ್ಲಿನ ತಿರುಳಿನ ಕೋಶಗಳನ್ನು ಬೆಳೆಸಿ ಪೆಟ್ಟಾದ ಮುಂಹಲ್ಲಿನೊಳಗೆ ಇಟ್ಟ ಪ್ರಯೋಗವನ್ನು ಚೀನಾದ ತಂಡವೊಂದು 2018ರಲ್ಲಿ ಪ್ರಕಟಿಸಿತು. ಅದು ಕ್ಲಿನಿಕ್ಕಿನ ಮಾಮೂಲಿ ಚಿಕಿತ್ಸೆಯಾಗಿಲ್ಲ. ರೀವ್ಯಾಸ್ಕ್ಯುಲರೈಸೇಶನ್ ಆದ ಕೆಲವು ಹಲ್ಲುಗಳಲ್ಲಿ ನಾಳವೇ ಸುಣ್ಣಗಟ್ಟಿ ಮುಚ್ಚುತ್ತದೆ. ಮುಂದೆ ರೂಟ್ ಕೆನಾಲ್ ಬೇಕಾದರೆ ಅದು ತಲೆನೋವು.

ಎಕ್ಸ್‌ರೇ 6, 12, 24 ತಿಂಗಳಿಗೆ. ತುದಿಯ ಕಪ್ಪು ನೆರಳು ಆರು ತಿಂಗಳಿಂದ ವರ್ಷದೊಳಗೆ ಕರಗಬೇಕು. ಗೋಡೆ ದಪ್ಪವಾಗುವುದು ಕಾಣಲು ಒಂದೆರಡು ವರ್ಷ ಬೇಕು. ಫಿಲ್ಮ್ ಹೋಲ್ಡರ್ ಇಟ್ಟು ಪ್ರತಿಸಲ ಅದೇ ಕೋನದಲ್ಲಿ ತೆಗೆಯಿರಿ. ಕೋನ ಚೂರು ಬದಲಾದರೂ ಬೆಳೆಯದ ಬೇರು ಉದ್ದವಾದಂತೆ ಕಾಣುತ್ತದೆ.