ಟೇಪ್ ಯಾರ ಕೈಯಲ್ಲಿ?

ಮೂರನೇ ತರಗತಿಯ ಮಕ್ಕಳನ್ನು ಮರದ ಎತ್ತರ ಅಳೆಯೋಕೆ ಮೊದಲ ಸಲ ಹೊರಗೆ ಕರೆದುಕೊಂಡು ಹೋದ ದಿನ ನಾನು ಭಾರಿ ಹುರುಪಿನಲ್ಲಿದ್ದೆ. ಉಪಾಯ ಸುಲಭದ್ದು. ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಬೇಕು. ಅದರ ನೆರಳೂ ಸರಿಯಾಗಿ ಒಂದು ಮೀಟರ್ ಆಗುವವರೆಗೆ ಕಾಯಬೇಕು. ಆಗ ಸೂರ್ಯ 45 ಡಿಗ್ರಿ ಎತ್ತರದಲ್ಲಿರುತ್ತಾನೆ. ಆ ಹೊತ್ತಿನಲ್ಲಿ ಮರದ ನೆರಳು ಎಷ್ಟು ಉದ್ದವೋ ಮರವೂ ಅಷ್ಟೇ ಎತ್ತರ. ಭಾಗಾಕಾರ ಬೇಡ, ಅನುಪಾತ ಬೇಡ. ಎಂಟು ವರ್ಷದವರಿಗೆ ಇಷ್ಟು ಸಾಕು.

ನೆರಳು ಒಂದು ಮೀಟರಿಗೆ ಬಂತು. "ಈಗ ಅಳೀರಿ" ಅಂದೆ. ಉದ್ದದ ಟೇಪ್ ಇದ್ದದ್ದು ಒಂದೇ. ಐದು ಹುಡುಗರು ಅದನ್ನು ಹಿಡಿದು ಎಳೆದಾಡತೊಡಗಿದರು. ಬಿಡಿಸಿ ಸಮಾಧಾನ ಮಾಡೋಕೆ ಐದಾರು ನಿಮಿಷ ಹಿಡಿಯಿತು. ಅಷ್ಟರಲ್ಲಿ ಹಿಂದಿನಿಂದ ಒಂದು ಸಣ್ಣ ದನಿ: "ಮಿಸ್, ನೆರಳು 96 ಆಗಿದೆ." ನೋಡಿದರೆ ಒಬ್ಬ ಹುಡುಗಿ ತನ್ನ ಪಾಡಿಗೆ ಕೋಲಿನ ಹತ್ತಿರ ಕೂತು, ಪೆನ್ಸಿಲ್ ಬಾಕ್ಸಿನ ಸ್ಕೇಲಿನಿಂದ ನೆರಳನ್ನು ಮತ್ತೆ ಮತ್ತೆ ಅಳೆಯುತ್ತಿದ್ದಳು. ಬೆಳಗಿನ ಹೊತ್ತಲ್ವಾ, ಜಗಳ ನಡೆದಷ್ಟು ಹೊತ್ತೂ ನೆರಳು ಕುಗ್ಗುತ್ತಲೇ ಇತ್ತು. ನಮ್ಮ ಅಳತೆಯ ಗಳಿಗೆ ತಪ್ಪಿಹೋಗಿತ್ತು. ಅದನ್ನು ಗಮನಿಸಿದ್ದು ಅವಳೊಬ್ಬಳೇ.

ಉಳಿದ ಹುಡುಗಿಯರು ಎಲ್ಲಿದ್ದಾರೆ ಅಂತ ಆಗ ನೋಡಿದೆ. ಮರದ ಬುಡದಲ್ಲಿ ಸಾಲಾಗಿ ಕೂತು ನೋಟ್‌ಬುಕ್ ತೆರೆದುಕೊಂಡು ಕಾಯುತ್ತಿದ್ದರು. ಯಾರೋ ಅಳೆದು ಹೇಳಿದ ಅಂಕಿಯನ್ನು ಬರೆದುಕೊಳ್ಳೋಕೆ. ಅಲ್ಲಿ ಕೂರಿಸಿದ್ದು ಯಾರು? ನಾನೇ. ತರಗತಿಯಿಂದ ಹೊರಡುವಾಗ "ನಿಮ್ಮ ಅಕ್ಷರ ದುಂಡಗಿದೆ, ನೀವು ಬರ್ಕೊಳ್ಳಿ" ಅಂದಿದ್ದೆ. ಹೊಗಳಿಕೆ ಅಂದುಕೊಂಡೇ ಹೇಳಿದ್ದು.

ಮುಂದಿನ ವಾರ ಪಾಠದ ಜೊತೆ ಇನ್ನೊಂದು ಕೆಲಸ ಇಟ್ಟುಕೊಂಡೆ. ಜೇಬಿನಲ್ಲಿ ಚಿಕ್ಕ ಪುಸ್ತಕ. ಸಾಮಾನು ಯಾರ ಕೈಯಲ್ಲಿದೆ, ಯಾರು ಬರೀತಿದ್ದಾರೆ, ನಾನು ಯಾರಿಗೆ ಏನು ಹೇಳಿದೆ ಅಂತ ಗೆರೆ ಹಾಕುತ್ತಾ ಹೋದೆ. ಮೂರನೆಯದು ನಾಚಿಕೆ ತರಿಸಿತು. ಒಂದೇ ಪೀರಿಯಡ್‌ನಲ್ಲಿ ಹುಡುಗಿಯರಿಗೆ 14 ಸಲ "ಹುಷಾರು" ಅಂದಿದ್ದೆ. ಹುಡುಗರಿಗೆ 3 ಸಲ. ಅದೂ ಆ ದಿನ ಬಿದ್ದದ್ದು ಒಬ್ಬ ಹುಡುಗ!

"ಹುಷಾರು" ಅನ್ನೋ ಮಾತಿನಲ್ಲಿ ಮಗುವಿಗೆ ಸಿಗೋದು ಹೆದರಿಕೆ ಮಾತ್ರ. ಏನು ಮಾಡಬೇಕು ಅನ್ನೋದು ಅದರಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಆ ಪದವನ್ನೇ ಬಿಟ್ಟೆ. ಅದರ ಜಾಗದಲ್ಲಿ ಪ್ರಶ್ನೆ ಕೇಳೋದು ಕಲಿತೆ. "ಇನ್ನೊಂದು ಕಾಲು ಎಲ್ಲಿಡ್ತೀಯ?" "ಆ ಕಲ್ಲು ಅಲುಗಾಡುತ್ತಾ ನೋಡು." "ಇಳಿಯೋದು ಯಾವ ಕಡೆಯಿಂದ?" ಮರ ಹತ್ತುವುದಕ್ಕೆ ಒಂದೇ ನಿಯಮ ಇಟ್ಟೆ: ಯಾರನ್ನೂ ಎತ್ತಿ ಕೊಂಬೆ ಮೇಲೆ ಕೂರಿಸೋದಿಲ್ಲ. ತಾನಾಗಿ ಹತ್ತಿದಷ್ಟೇ ಎತ್ತರ. ಸ್ವಂತ ಕೈಕಾಲಿನಿಂದ ಹತ್ತಿದವಳಿಗೆ ಇಳಿಯೋ ದಾರಿಯೂ ಸಾಮಾನ್ಯವಾಗಿ ಗೊತ್ತಿರುತ್ತದೆ. ಎತ್ತಿ ಕೂರಿಸಿದವಳಿಗೆ ಗೊತ್ತಿರಲ್ಲ, ಅಲ್ಲಿ ಕೂತು ಅಳುತ್ತಾಳೆ. ಕೆಲವರು ಎರಡು ಅಡಿ ಹತ್ತಿ ಸಾಕು ಅಂದರು. ಸಾಕು ಅಂದರೆ ಸಾಕು.

ಕೆಲಸ ಹಂಚೋಕೆ ಚೀಟಿ ಮಾಡಿದೆ. ನಾಲ್ಕು ಜನರ ಗುಂಪು: ಅಳೆಯುವವರು, ಅಂಕಿ ಸರಿ ಇದೆಯಾ ಅಂತ ನೋಡುವ ಸಾಕ್ಷಿ, ಗಡಿಯಾರ ನೋಡುವವರು, ಬರೆಯುವವರು. ಪ್ರತಿ ಸಲ ಹೊರಗೆ ಹೋದಾಗ ಚೀಟಿ ಬದಲಾಗಬೇಕು. ಇಷ್ಟರಿಂದ ಎಲ್ಲ ಸರಿಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಅಳೆಯುವ ಚೀಟಿ ಸಿಕ್ಕ ಹುಡುಗಿ ಅದನ್ನು ಮೆಲ್ಲಗೆ ಪಕ್ಕದ ಹುಡುಗನಿಗೆ ದಾಟಿಸುತ್ತಿದ್ದಳು. "ನನಗೆ ಬರಲ್ಲ ಮಿಸ್." ಅವಳು ಟೇಪ್ ಹಿಡಿದೇ ಇರಲಿಲ್ಲ, ಬರಲ್ಲ ಅಂತ ಗೊತ್ತಾಗಿದ್ದು ಹೇಗೆ?

ಆಮೇಲೆ ನನಗೇ ಅಷ್ಟು ಇಷ್ಟವಿಲ್ಲದ ಒಂದು ಕೆಲಸ ಮಾಡಿದೆ. ವಾರಕ್ಕೊಂದು ಪೀರಿಯಡ್, ಆರು ವಾರ, ಹುಡುಗಿಯರು ಮಾತ್ರ ನನ್ನ ಜೊತೆ ಹೊರಗೆ. ಹುಡುಗರಿಗೆ ಅದೇ ಹೊತ್ತಿನಲ್ಲಿ ಇನ್ನೊಬ್ಬ ಟೀಚರ್ ಜೊತೆ ಬೇರೆ ಚಟುವಟಿಕೆ. ಬೇರೆ ಮಾಡಿ ಕಲಿಸೋದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ. ಆದರೆ ಕೈಗೆ ಸಾಮಾನು ಬರಬೇಕಾದರೆ, ಕಿತ್ತುಕೊಳ್ಳುವವರು ಸ್ವಲ್ಪ ದಿನ ಇಲ್ಲದಿದ್ದರೆ ಒಳ್ಳೆಯದು ಅನ್ನಿಸಿತು.

ಆ ಆರು ವಾರಗಳ ಬಗ್ಗೆ ಎಷ್ಟು ಬರೆದರೂ ಸಾಲದು. ಮೊದಲ ದಿನ ಇರುವೆ. ಸಾಲಾಗಿ ಹೋಗುತ್ತಿದ್ದ ಇರುವೆಗಳ ದಾರಿಗೆ ಅಡ್ಡಲಾಗಿ ಬೆರಳಿನಿಂದ ಒಮ್ಮೆ ಗಟ್ಟಿಯಾಗಿ ಒರೆಸಿ ಅಂದೆ. ನೆಲದ ಮೇಲಿದ್ದ ವಾಸನೆಯ ಗುರುತು ಅಳಿಸಿತು. ಇರುವೆಗಳು ಅಲ್ಲಿಗೆ ಬಂದು ನಿಂತು ತಡಕಾಡಿದವು, ಹಿಂದಕ್ಕೆ ತಿರುಗಿದವು, ಆಮೇಲೆ ಒಂದೊಂದಾಗಿ ದಾಟಿ ಮತ್ತೆ ಸಾಲು ಕಟ್ಟಿದವು. ಮಕ್ಕಳು ಗಡಿಯಾರ ಹಿಡಿದು ಎಷ್ಟು ನಿಮಿಷ ಅಂತ ಬರೆದರು. ನಾನು ಹೇಳದೆಯೇ ಒದ್ದೆ ಬೆರಳು, ಒಣ ಬೆರಳು, ಎಲೆ ಅಂತ ಬದಲಾಯಿಸಿ ನೋಡಿದರು. ಅದಕ್ಕೆ ಪ್ರಯೋಗ ಅಂತ ಹೆಸರಿದೆ ಅನ್ನೋದು ಅವರಿಗೆ ಆಮೇಲೆ ಗೊತ್ತಾಯಿತು.

ಎರಡನೇ ವಾರ ಮುಟ್ಟಿದರೆ ಮುನಿ. ಮುಚ್ಚಿಕೊಂಡ ಎಲೆ ಮತ್ತೆ ಬಿಚ್ಚಿಕೊಳ್ಳೋಕೆ ಎಷ್ಟು ಹೊತ್ತು ಅಂತ ಸುಮ್ನೆ ಕೂತು ನೋಡಬೇಕು. ಇಷ್ಟು ಹೊತ್ತು ಗಲಾಟೆ ಇಲ್ಲದೆ ಎಂಟು ವರ್ಷದವರು ಕೂತಿದ್ದನ್ನು ನಾನು ತರಗತಿಯಲ್ಲಿ ಕಂಡಿಲ್ಲ. ಎಲೆಯ ಬುಡದಲ್ಲಿ ಒಂದು ಉಬ್ಬು ಇರುತ್ತದೆ, ಮುಟ್ಟಿದಾಗ ಅಲ್ಲಿನ ಜೀವಕೋಶಗಳಿಂದ ನೀರು ಹೊರಗೆ ಹೋಗುತ್ತದೆ, ಬಿಗಿ ತಪ್ಪಿ ಎಲೆ ಮಡಚಿಕೊಳ್ಳುತ್ತದೆ ಅಂತ ವಿವರಿಸಿದೆ. ಈ ಗಿಡಕ್ಕೆ ನಾಚಿಕೆ ಮುಳ್ಳು ಅಂತಲೂ ಹೇಳ್ತಾರಲ್ವಾ. ಒಬ್ಬಳು ಪಟ್ಟನೆ ಅಂದಳು: "ಅದಕ್ಕೆ ನಾಚಿಕೆ ಅಲ್ಲ ಮಿಸ್, ನೀರು ಖಾಲಿ ಅಷ್ಟೇ."

ಮೂರನೇ ವಾರ ನಿಂಬೆ ಗಿಡದ ಮೇಲೆ ಹುಳು ಸಿಕ್ಕಿತು. ಚಿಕ್ಕದಿದ್ದಾಗ ಥೇಟ್ ಹಕ್ಕಿ ಹಿಕ್ಕೆಯ ಹಾಗೆ, ದೊಡ್ಡದಾದಾಗ ಹಸಿರು. ಕೆಣಕಿದರೆ ತಲೆಯ ಹಿಂದಿನಿಂದ ಎರಡು ಕಿತ್ತಳೆ ಬಣ್ಣದ ಕೋಡು ಹೊರಗೆ ಚಾಚಿ ಕೆಟ್ಟ ವಾಸನೆ ಬಿಡುತ್ತದೆ. ಮೊದಲು ಕಿರುಚಿ ಓಡಿದವರೇ ನಾಲ್ಕನೇ ವಾರಕ್ಕೆ "ನಮ್ಮ ಹುಳ" ಅನ್ನತೊಡಗಿದರು. ಮರಿಯಾ ಸಿಬಿಲ್ಲಾ ಮೆರಿಯನ್ ಕಥೆ ಹೇಳಿದ್ದು ಆಗಲೇ. 1647ರಲ್ಲಿ ಹುಟ್ಟಿದವಳು. 13ನೇ ವಯಸ್ಸಿನಲ್ಲಿ ರೇಷ್ಮೆ ಹುಳು ಸಾಕಿ ನೋಡತೊಡಗಿದಳು. ಹುಳುಗಳು ಕೆಸರಿನಿಂದ ತಾವಾಗಿ ಹುಟ್ಟುತ್ತವೆ ಅಂತ ಎಷ್ಟೋ ಜನ ನಂಬಿದ್ದ ಕಾಲ ಅದು. ಮೊಟ್ಟೆಯಿಂದ ಚಿಟ್ಟೆಯವರೆಗೆ ಎಲ್ಲವನ್ನೂ, ಅದು ತಿನ್ನುವ ಗಿಡದ ಸಮೇತ, ಚಿತ್ರ ಬರೆದಳು. 52ನೇ ವಯಸ್ಸಿನಲ್ಲಿ ಮಗಳನ್ನು ಕರೆದುಕೊಂಡು ಹಡಗು ಹತ್ತಿ ಸುರಿನಾಮ್‌ಗೆ ಹೋದಳು, ಅಲ್ಲಿನ ಹುಳುಗಳನ್ನು ನೋಡೋಕೆ. ಮಕ್ಕಳಿಗೆ ಕಿವಿಗೆ ಬಿದ್ದದ್ದು ಒಂದೇ: "ಇಬ್ಬರೇ ಹೋದ್ರಾ?"

ಐದನೇ ವಾರ ಮಳೆ. ಆರನೇ ವಾರ ಮತ್ತೆ ಟೇಪ್, ಮತ್ತೆ ಮರ. ಈ ಸಲ ಯಾರೂ "ಬರಲ್ಲ" ಅನ್ನಲಿಲ್ಲ. ಏಳನೇ ವಾರದಿಂದ ಎಲ್ಲರೂ ಮತ್ತೆ ಒಟ್ಟಿಗೆ. ಚೀಟಿ ದಾಟಿಸೋದು ಪೂರ್ತಿ ನಿಲ್ಲಲಿಲ್ಲ, ಆದರೆ ಕಮ್ಮಿಯಾಯಿತು. "ಕೊಡೋ, ಇವತ್ತು ನನ್ನ ಚೀಟಿ" ಅನ್ನುವ ದನಿ ಜಾಸ್ತಿಯಾಯಿತು.

ಪಾಠಕ್ಕಿಂತ ಹೆಚ್ಚು ತಲೆ ಕೆಡಿಸಿದ್ದು ಬಟ್ಟೆ ಮತ್ತು ಶೌಚಾಲಯ. ಸ್ಕರ್ಟ್ ಹಾಕಿದ ಹುಡುಗಿ ಹುಲ್ಲಿನ ಮೇಲೆ ಮಂಡಿ ಊರುವ ಮೊದಲು ಹತ್ತು ಸಲ ಯೋಚಿಸುತ್ತಾಳೆ. ಅವಳಿಗೆ ಇರುವೆ ಕಾಣಲ್ಲ, ತನ್ನ ಸ್ಕರ್ಟೇ ಕಾಣುತ್ತದೆ. ಹೊರಗಿನ ಪಾಠವಿರುವ ದಿನ ಎಲ್ಲರೂ ಆಟದ ಪ್ಯಾಂಟಿನಲ್ಲಿ ಬರಲಿ ಅಂತ ಮುಖ್ಯೋಪಾಧ್ಯಾಯರನ್ನು ಕೇಳಿ ಒಪ್ಪಿಸಿದೆ. ನನ್ನನ್ನು ಕೇಳಿದರೆ, ಮಿಕ್ಕ ಎಲ್ಲ ಉಪಾಯಕ್ಕಿಂತ ಇದರಿಂದಲೇ ಜಾಸ್ತಿ ಪ್ರಯೋಜನ ಆಯಿತು. ಇನ್ನೊಂದು ವಿಷಯ. ಕೆಲವು ಹುಡುಗಿಯರು ಹೊರಗೆ ಹೋಗುವ ದಿನ ನೀರೇ ಕುಡಿಯುತ್ತಿರಲಿಲ್ಲ, ಮಧ್ಯದಲ್ಲಿ ಶೌಚಕ್ಕೆ ಹೋಗಬೇಕಾದರೆ ಏನು ಮಾಡೋದು ಅಂತ. ಬಿಸಿಲಿನಲ್ಲಿ ಇದು ಸಣ್ಣ ವಿಷಯ ಅಲ್ಲ. ಈಗ ಹೊರಡುವ ಮುಂಚೆ ಎಲ್ಲರೂ ಶೌಚಾಲಯಕ್ಕೆ, ಆಮೇಲೆ ಎಲ್ಲರೂ ನೀರು ಕುಡಿಯಬೇಕು, ಮಧ್ಯದಲ್ಲಿ ಹೋಗಬೇಕಾದರೆ ಇಬ್ಬರು ಜೊತೆಯಾಗಿ ಹೋಗಬಹುದು, ನನ್ನನ್ನು ಕೇಳೋದೂ ಬೇಡ, ಹೇಳಿದರೆ ಸಾಕು. ಐದನೇ ತರಗತಿಯವರ ಜೊತೆ ಹೋಗುವಾಗ ನನ್ನ ಚೀಲದಲ್ಲಿ ಪ್ಯಾಡ್ ಇರುತ್ತದೆ. "ಹೊಟ್ಟೆ ನೋವು" ಅಂತ ಮೆಟ್ಟಿಲ ಮೇಲೆ ಕೂತ ಹುಡುಗಿಯನ್ನು ಸೋಮಾರಿ ಅಂದುಕೊಂಡು ಒಮ್ಮೆ ಗದರಿದ್ದೆ. ಅದು ಇನ್ನೂ ಚುಚ್ಚುತ್ತದೆ.

ಪೋಷಕರ ಸಭೆಯಲ್ಲಿ ಪ್ರಶ್ನೆಗಳು ಬಂದವು. ಕೊಳೆ, ಬಿಸಿಲು, ಬಿದ್ದರೆ ಯಾರು ಜವಾಬ್ದಾರಿ. ಒಬ್ಬ ತಾಯಿ "ಹುಡುಗಿಯ ಮುಖ ಏನಾಗಬೇಕು" ಅಂದರು. ವಾದ ಮಾಡಲಿಲ್ಲ. ಕಣ್ಣಿನ ವಿಷಯ ಹೇಳಿದೆ: ಮಕ್ಕಳು ದಿನಾ ಹೊರಗಿನ ಬೆಳಕಿನಲ್ಲಿ ಕಳೆದಷ್ಟೂ ಸಮೀಪದೃಷ್ಟಿ ಶುರುವಾಗುವ ಸಾಧ್ಯತೆ ಕಮ್ಮಿ. ನೆರಳಿನಲ್ಲಿ ಕೂತರೂ ತರಗತಿಯೊಳಗಿನ ಬೆಳಕಿಗಿಂತ ಎಷ್ಟೋ ಪಟ್ಟು ಹೆಚ್ಚು ಬೆಳಕು ಸಿಗುತ್ತದೆ. ಈಗಾಗಲೇ ಕನ್ನಡಕ ಬಂದಿದ್ದರೆ ಅದು ಇದರಿಂದ ಹೋಗಲ್ಲ, ಅದನ್ನೂ ಹೇಳಿದೆ. ಆಮೇಲೆ, ಚಿಂಪಾಂಜಿಗಳ ಅಧ್ಯಯನಕ್ಕೆ ಹೆಸರಾದ ಜೇನ್ ಗುಡಾಲ್ ಚಿಕ್ಕವಳಿದ್ದಾಗಿನ ಕಥೆ. ಕೋಳಿ ಮೊಟ್ಟೆ ಇಡೋದು ಹೇಗೆ ಅಂತ ನೋಡಲು ಕೋಳಿಗೂಡಿನಲ್ಲಿ ಗಂಟೆಗಟ್ಟಲೆ ಅಡಗಿ ಕೂತಿದ್ದಳು. ಮನೆಯವರು ಗಾಬರಿಯಿಂದ ಹುಡುಕುತ್ತಿದ್ದರು. ಮೈಗೆಲ್ಲ ಹುಲ್ಲು ಅಂಟಿಸಿಕೊಂಡು ಓಡಿ ಬಂದ ಮಗಳನ್ನು ಕಂಡು ತಾಯಿ ಬೈಯಲಿಲ್ಲ, ಕೂತು ಅವಳ ಮೊಟ್ಟೆಯ ಕಥೆ ಕೇಳಿದರು. ಕಥೆ ಮುಗಿದ ಮೇಲೆ ಸಭೆಯಲ್ಲಿ ಕೊಳೆಯ ಪ್ರಶ್ನೆ ಮತ್ತೆ ಬರಲಿಲ್ಲ. ಬಿದ್ದರೆ ಯಾರು ಜವಾಬ್ದಾರಿ ಅನ್ನೋದು ಬಂತು. ಬರಬೇಕಾದ್ದೇ.

ಅದಕ್ಕೆ ನನ್ನ ಉತ್ತರ ಹೀಗೆ: ಹಿಂದಿನ ದಿನ ಒಬ್ಬಳೇ ಹೋಗಿ ಜಾಗ ನೋಡಿ ಬರುತ್ತೇನೆ. ಒಮ್ಮೆ ನೋಡದೆ ಹೋಗಿ ಕಣಜದ ಗೂಡಿನ ಕೆಳಗೆ ಮಕ್ಕಳನ್ನು ಕೂರಿಸಿದ್ದೆ, ಪುಣ್ಯಕ್ಕೆ ಕಚ್ಚಿಸಿಕೊಂಡವಳು ನಾನು. ಯಾವ ಮಗುವಿಗೆ ಅಲರ್ಜಿ ಇದೆ ಅನ್ನೋ ಪಟ್ಟಿ ಜೇಬಿನಲ್ಲಿರುತ್ತದೆ. ಹೊರಡುವಾಗ, ಮಧ್ಯದಲ್ಲಿ, ವಾಪಸ್ಸಾಗುವಾಗ ತಲೆ ಎಣಿಸುತ್ತೇನೆ. ಗುಡುಗು ಕೇಳಿದರೆ ತಕ್ಷಣ ಕಟ್ಟಡದೊಳಗೆ, ಕೊನೆಯ ಗುಡುಗಿನಿಂದ 30 ನಿಮಿಷ ಆಗುವವರೆಗೆ ಹೊರಗಿಲ್ಲ. ಮರದ ಕೆಳಗಂತೂ ಇಲ್ಲವೇ ಇಲ್ಲ.

ಕಳೆದ ತಿಂಗಳು ನಮ್ಮ ಆ ಒಂದೇ ಟೇಪ್ ಹರಿಯಿತು. ಸರಿಯಾಗಿ 7 ಮೀಟರ್ ಹತ್ತಿರ. ಈ ಸಲ ಎಳೆದಾಡಿದವರಲ್ಲಿ ಇಬ್ಬರು ಹುಡುಗಿಯರೂ ಇದ್ದರು. ಹೊಸದು ಕೇಳಿ ಅರ್ಜಿ ಕೊಟ್ಟಿದ್ದೇನೆ, ಇನ್ನೂ ಬಂದಿಲ್ಲ. ಅಷ್ಟರಲ್ಲಿ ಮಕ್ಕಳೇ ಅಂಟು ಪಟ್ಟಿ ಹಾಕಿ ಜೋಡಿಸಿದ್ದಾರೆ. ಜೋಡಿಸುವಾಗ ಒಂದು ತುಂಡು ಇನ್ನೊಂದರ ಮೇಲೆ 2 ಸೆಂಟಿಮೀಟರ್ ಬಂದಿದೆ ಅಂತ ಕಂಡುಹಿಡಿದವಳು ಅದೇ 96ರ ಹುಡುಗಿ. ಈಗ ಅಂಟಿನ ಪಟ್ಟಿಯ ಮೇಲೆ ದುಂಡಗಿನ ಅಕ್ಷರದಲ್ಲಿ ಬರೆದಿದೆ: "7 ಮೀ. ದಾಟಿದರೆ 2 ಸೆಂ.ಮೀ. ಕಳೆಯಿರಿ."